ಉತ್ತೀರ್ಣನಾದೆ, ಆದರೆ ತಿಳಿಯಿತೇ?

ಓದುಗರೇ, ನಿಮ್ಮ ಮನೆಯಲ್ಲಿ ಇಂಜಿನಿಯರಿಂಗ್ ಕಲಿಯುತ್ತಿರುವ ಮಗನೋ ಮಗಳೋ ಇದ್ದರೆ, ಎರಡನೆಯ ವರ್ಷದ ಹೊತ್ತಿಗೆ ಅವರ ಮುಖ ಬಾಡಿದ್ದನ್ನು ಒಮ್ಮೆಯಾದರೂ ಕಂಡಿರುತ್ತೀರಿ. ಕಾರಣ ಕೇಳಿದಾಗ "ಫೀಲ್ಡ್ ಥಿಯರಿ" ಎಂಬ ಚುಟುಕು ಉತ್ತರ ಬಂದಿರಲೂಬಹುದು. ಎಲೆಕ್ಟ್ರಾನಿಕ್ಸ್ ಮತ್ತು ಎಲೆಕ್ಟ್ರಿಕಲ್ ವಿಭಾಗದವರು ಕಲಿಯಲೇಬೇಕಾದ ವಿದ್ಯುತ್ಕಾಂತ ಸಿದ್ಧಾಂತಕ್ಕೆ ನಮ್ಮ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ರೂಢಿಯಾಗಿರುವ ಹೆಸರದು. ಪಿಯುಸಿಯಲ್ಲಿ ತೊಂಬತ್ತರ ಮೇಲೆ ಅಂಕ ಪಡೆದವರೂ ಇಲ್ಲಿ ಮುಗ್ಗರಿಸುತ್ತಾರೆ. ಹಾಗೆ ಮುಗ್ಗರಿಸಿದವರಲ್ಲಿ ಹೆಚ್ಚಿನವರು ಒಂದು ಉಪಾಯ ಕಂಡುಕೊಳ್ಳುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಪದೇ ಪದೇ ಬರುವ ಹತ್ತು ಹನ್ನೆರಡು ಡೆರಿವೇಶನ್‌ಗಳನ್ನು ಅಕ್ಷರ ಬಿಡದಂತೆ ಬಾಯಿಪಾಠ ಮಾಡುತ್ತಾರೆ. ಇದನ್ನು ಅವರೇ ನಗುತ್ತಾ "ಪಾಸಿಂಗ್ ಪ್ಯಾಕೇಜ್" ಎನ್ನುತ್ತಾರೆ. ಪರೀಕ್ಷೆಯಲ್ಲಿ ಬರೆಯುತ್ತಾರೆ, ಉತ್ತೀರ್ಣರಾಗುತ್ತಾರೆ. ಮನೆಯಲ್ಲಿ ಎಲ್ಲರಿಗೂ ಸಮಾಧಾನ.

ಇಲ್ಲಿ ಒಂದು ಪ್ರಶ್ನೆ ಉದ್ಭವಿಸುತ್ತದೆ. ಅರ್ಥವಾಗದ್ದನ್ನು ಅರ್ಥವಾದವರಂತೆ ಬರೆದು ಅಂಕ ಪಡೆಯುವುದು ಸುಳ್ಳೇ? ಅವನು ನಕಲು ಮಾಡಲಿಲ್ಲ, ಯಾರಿಗೂ ಲಂಚ ಕೊಡಲಿಲ್ಲ, ರಾತ್ರಿಯಿಡೀ ನಿದ್ದೆಗೆಟ್ಟು ಶ್ರಮಪಟ್ಟು ಕಂಠಪಾಠ ಮಾಡಿದ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ನಾನೂ ಬಹಳ ವರ್ಷ ಹಾಗೆಯೇ ಭಾವಿಸಿದ್ದೆ. ಏಕೆಂದರೆ ಅದೇ ವಿಷಯವನ್ನು ಅದೇ ಉಪಾಯದಿಂದ ದಾಟಿ ಬಂದವನು ನಾನು. ಆ ಭಾವನೆ ಅಲುಗಾಡಿದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದ ಮುಂಜಾವಿನಲ್ಲಿ.

ಗದ್ದೆಯಂಚಿನ ಪಾಠ

ರಾತ್ರಿಯಿಡೀ ಗಾಳಿಮಳೆ. ನಮ್ಮ ಮನೆಯ ಹಿಂದಿನ ತೋಟದಲ್ಲಿ ಅಡಿಕೆ ಮರವೊಂದು ಮುರಿದು 11 ಕೆವಿ ತಂತಿಯ ಮೇಲೆ ಬಿದ್ದು, ತಂತಿ ತುಂಡಾಗಿ ಗದ್ದೆಯ ಅಂಚಿಗೆ ಜೋತುಬಿದ್ದಿತ್ತು. ಬೆಳಗಿನ ನಮಾಝ್ ಮುಗಿಸಿ ಹೊರಬಂದಾಗ ನೆರೆಮನೆಯವರ ದನ ಅಲ್ಲಿ ಸತ್ತು ಬಿದ್ದಿರುವುದು ಕಾಣಿಸಿತು. ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಅಕ್ಕನ ಮಗ ಟಾರ್ಚ್ ಹಿಡಿದು ದಾಪುಗಾಲಿಡುತ್ತಾ ಅತ್ತ ಓಡಿದ. ಅವನು ಆಗಷ್ಟೇ ಫೀಲ್ಡ್ ಥಿಯರಿಯಲ್ಲಿ ಒಳ್ಳೆಯ ಅಂಕ ಪಡೆದಿದ್ದ ಹುಡುಗ.

ರಸ್ತೆಯ ಕಡೆಯಿಂದ ಒಂದು ಕೂಗು ಕೇಳಿಸಿತು. "ನಿಲ್ಲು ಮಾರಾಯಾ! ಕಾಲು ಎತ್ತಬೇಡ! ಎರಡೂ ಕಾಲು ಜೋಡಿಸು!" ನಮ್ಮ ಊರಿನ ಲೈನ್‌ಮ್ಯಾನ್. ಏಳನೆಯ ತರಗತಿಯ ಆಚೆ ಶಾಲೆಯ ಮುಖ ನೋಡದ ಮನುಷ್ಯ. ಹುಡುಗ ಗಾಬರಿಯಿಂದ ನಿಂತ. ಲೈನ್‌ಮ್ಯಾನ್ ಹೇಳಿಕೊಟ್ಟಂತೆ ಪಾದಗಳನ್ನು ಒಂದಕ್ಕೊಂದು ತಾಗಿಸಿ, ನೆಲದಿಂದ ಎತ್ತದೆ, ಗೇಣು ಗೇಣಾಗಿ ಸರಿಯುತ್ತಾ ಹಿಂದಕ್ಕೆ ಬಂದ. ಅಲ್ಲಾಹನ ಕೃಪೆ, ಏನೂ ಆಗಲಿಲ್ಲ.

ಲೈನ್ ಆಫ್ ಮಾಡಿಸಿದ ಬಳಿಕ ಹುಡುಗ ಕೇಳಿದ: "ದನ ತಂತಿಯನ್ನು ಮುಟ್ಟಿಯೇ ಇಲ್ಲ. ಎರಡು ಮೀಟರ್ ಆಚೆ ಬಿದ್ದಿದೆ. ಮತ್ತೆ ಹೇಗೆ ಸತ್ತಿತು?"

"ಕರೆಂಟು ನೆಲದಲ್ಲಿ ಹರಡಿಕೊಂಡಿರ್ತದೆ. ತಂತಿ ಹತ್ತಿರ ಜಾಸ್ತಿ, ದೂರ ಹೋದಹಾಗೆ ಕಮ್ಮಿ. ಮುಂದಿನ ಕಾಲಿಗೆ ಒಂದು ವೋಲ್ಟು, ಹಿಂದಿನ ಕಾಲಿಗೆ ಇನ್ನೊಂದು ವೋಲ್ಟು. ದನದ ಕಾಲು ದೂರ ದೂರ, ಅದಕ್ಕೇ ಅದು ಮೊದಲು ಸಾಯ್ತದೆ" ಎಂದು ಹೇಳಿ ಅವರು ತಮ್ಮ ಕೆಲಸಕ್ಕೆ ಹೊರಟುಹೋದರು.

ಆ ರಾತ್ರಿ ಊಟದ ಬಳಿಕ ಹುಡುಗ ನನ್ನ ಬಳಿ ಬಂದು ಕುಳಿತ. "ಮಾಮ, ಅವರು ಹೇಳಿದ್ದು ಗ್ರೇಡಿಯೆಂಟ್. ನಾನು ಅದನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಒಂದು ಅಂಕವೂ ಕಡಿಮೆಯಾಗಿಲ್ಲ. ಆದರೆ ನಾನು ಬರೆದದ್ದು ಇದನ್ನೇ ಅಂತ ನನಗೆ ಗೊತ್ತಿರಲಿಲ್ಲ" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದು ಬರಿಯ ಜೀವಭಯದ ಕಣ್ಣೀರಾಗಿರಲಿಲ್ಲ ಎಂದೇ ನನ್ನ ನಂಬಿಕೆ.

ಇಬ್ಬರೂ ಕಾಗದ ತೆಗೆದು ಲೆಕ್ಕ ಹಾಕಿದೆವು. ನೆಲಕ್ಕೆ 50 ಆಂಪಿಯರ್ ಇಳಿಯುತ್ತಿದೆ, ಮಣ್ಣಿನ ರೋಧಶೀಲತೆ 100 ಓಮ್-ಮೀಟರ್ ಎಂದಿಟ್ಟುಕೊಳ್ಳಿ. ವಿದ್ಯುತ್ತು ಅರ್ಧಗೋಳದಂತೆ ನೆಲದೊಳಗೆ ಎಲ್ಲ ದಿಕ್ಕಿಗೂ ಹರಡುತ್ತದೆ. ಆಗ ತಂತಿ ತಾಗಿದ ಜಾಗದಿಂದ 2 ಮೀಟರ್ ದೂರದಲ್ಲಿ ನೆಲದ ವಿಭವ ಸುಮಾರು 398 ವೋಲ್ಟ್. ಅಲ್ಲಿಂದ ಮುಕ್ಕಾಲು ಮೀಟರ್ ಆಚೆ ಸುಮಾರು 289 ವೋಲ್ಟ್. ಎಂದರೆ ಅಲ್ಲಿ ಒಂದು ಹೆಜ್ಜೆ ಇಟ್ಟವನ ಎರಡು ಕಾಲುಗಳ ನಡುವೆ 108 ವೋಲ್ಟ್‌ಗಳಷ್ಟು ಅಂತರ. ಕಾಲುಗಳ ನಡುವೆ ಒಂದೂವರೆ ಮೀಟರ್ ಅಂತರವಿರುವ ದನಕ್ಕಾದರೆ 170 ವೋಲ್ಟ್. ಪಾದಗಳನ್ನು ಹತ್ತು ಸೆಂಟಿಮೀಟರ್‌ನೊಳಗೆ ಜೋಡಿಸಿ ನಿಂತವನಿಗೆ ಸುಮಾರು 19. ಹತ್ತು ಮೀಟರ್ ಆಚೆ ನಡೆಯುವವನಿಗೆ ಹೆಜ್ಜೆಯೊಂದಕ್ಕೆ ಐದಾರು ವೋಲ್ಟ್ ಮಾತ್ರ. ಪಠ್ಯಪುಸ್ತಕದ ಮೊದಲ ಅಧ್ಯಾಯಗಳಲ್ಲಿ ಒಂಟಿ ವಿದ್ಯುದಾವೇಶದ ಸುತ್ತಲಿನ ವಿಭವಕ್ಕೆ ಬರುವ ಸೂತ್ರದ ಆಕಾರವೇ ಇದಕ್ಕೂ ಇದೆ. ಅದನ್ನು ನಾನು ಓದಿದ್ದೆ, ಅವನೂ ಓದಿದ್ದ. ಹುಡುಗನನ್ನು ಉಳಿಸಿದ್ದು ಮಾತ್ರ ಅದನ್ನು ಓದದವರು.

(ಓದುಗರು ಇದನ್ನು ಪರೀಕ್ಷಿಸಲು ಹೋಗಬಾರದು. ಮಣ್ಣು, ತೇವ, ತಂತಿ, ಇವುಗಳಿಗೆ ತಕ್ಕಂತೆ ಅಂಕಿಗಳು ಬದಲಾಗುತ್ತವೆ. ಬಿದ್ದ ತಂತಿಯಿಂದ ಸಾಕಷ್ಟು ದೂರ ನಿಂತು, ಇತರರನ್ನೂ ತಡೆದು, 1912ಕ್ಕೆ ಕರೆ ಮಾಡಿ.)

ವಿಷಯ ಕಠಿಣವೇಕೆ?

ವಿದ್ಯಾರ್ಥಿಗಳನ್ನು ದೂರುವ ಮುನ್ನ ಅವರ ಕಷ್ಟವನ್ನೂ ಅರಿಯಬೇಕು. ಯಂತ್ರವನ್ನು ಕಣ್ಣಿನಿಂದ ನೋಡಬಹುದು, ಸರ್ಕ್ಯೂಟನ್ನು ಬೆರಳಿನಿಂದ ಹಿಂಬಾಲಿಸಬಹುದು. ಆದರೆ ಕ್ಷೇತ್ರವೆಂಬುದು ಕಾಣುವುದಿಲ್ಲ. ಖಾಲಿಯೆಂದು ತೋರುವ ಜಾಗದ ಒಂದೊಂದು ಬಿಂದುವಿಗೂ ಒಂದು ಬಲ, ಒಂದು ದಿಕ್ಕು ಇದೆಯೆಂದು ಅವನು ಮನಸ್ಸಿನಲ್ಲೇ ಚಿತ್ರಿಸಿಕೊಳ್ಳಬೇಕು. ಅದರ ಜೊತೆಗೆ ಸದಿಶಗಳ ಕಲನಶಾಸ್ತ್ರ, ಸಿಲಿಂಡರಿಗೂ ಗೋಳಕ್ಕೂ ಬೇರೆ ಬೇರೆ ನಿರ್ದೇಶಾಂಕಗಳು, ಡೈವರ್ಜೆನ್ಸ್, ಕರ್ಲ್ ಎಂಬ ಹೊಸ ಪದಗಳು. ಎಲ್ಲವೂ ಒಂದೇ ಸೆಮಿಸ್ಟರಿನ ಕೆಲವೇ ತಿಂಗಳುಗಳಲ್ಲಿ. ಹಳ್ಳಿಯ ಶಾಲೆಯಿಂದ ಬಂದು ಕನ್ನಡದಲ್ಲಿ ಯೋಚಿಸುವ ಮಗುವಿಗೆ ಇಂಗ್ಲಿಷಿನ ಹೊರೆ ಬೇರೆ.

ಆದರೆ ಆ ಪದಗಳ ಒಳಗಿರುವುದು ನಮ್ಮ ಅಂಗಳದಲ್ಲೇ ಕಾಣುವ ಸಂಗತಿ. ತೋಟಕ್ಕೆ ನೀರು ಚಿಮ್ಮಿಸುವ ಸ್ಪ್ರಿಂಕ್ಲರಿನ ಸುತ್ತ ಒಂದು ಬೇಲಿ ಹಾಕಿದರೆ, ಒಳಗಿನಿಂದ ಹೊರಕ್ಕೆ ಹೋಗುವ ನೀರೇ ಹೆಚ್ಚು. ಅಲ್ಲಿ ಒಂದು ಉಗಮವಿದೆ ಎಂದರ್ಥ. ಇದು ಡೈವರ್ಜೆನ್ಸ್. ಮಳೆಗಾಲದ ತೋಡಿನಲ್ಲಿ ಎಲೆಯೊಂದನ್ನು ಬಿಟ್ಟಾಗ ಅದು ಮುಂದೆ ಸಾಗುತ್ತಲೇ ತನ್ನ ಸುತ್ತ ತಾನೂ ತಿರುಗಿದರೆ, ಅಲ್ಲಿ ಸುಳಿತ ಇದೆ ಎಂದರ್ಥ. ಇದು ಕರ್ಲ್. ವಿದ್ಯುತ್ ಕ್ಷೇತ್ರಕ್ಕೆ ವಿದ್ಯುದಾವೇಶವೇ ಉಗಮ. ಕಾಂತಕ್ಷೇತ್ರಕ್ಕೆ ಅಂತಹ ಉಗಮವಿಲ್ಲ, ಕಾಂತವನ್ನು ಎಷ್ಟು ತುಂಡರಿಸಿದರೂ ಎರಡು ಧ್ರುವಗಳು ಜೊತೆಯಲ್ಲೇ ಇರುತ್ತವೆ. ಬದಲಾಗುವ ಕಾಂತಕ್ಷೇತ್ರ ತನ್ನ ಸುತ್ತ ವಿದ್ಯುತ್ ಕ್ಷೇತ್ರದ ಸುಳಿ ಹುಟ್ಟಿಸುತ್ತದೆ. ವಿದ್ಯುತ್ ಪ್ರವಾಹವೂ, ಬದಲಾಗುವ ವಿದ್ಯುತ್ ಕ್ಷೇತ್ರವೂ ಕಾಂತಕ್ಷೇತ್ರದ ಸುಳಿ ಹುಟ್ಟಿಸುತ್ತವೆ. ಮಕ್ಕಳು ನಿದ್ದೆಗೆಟ್ಟು ಉರುಹೊಡೆಯುವ ನಾಲ್ಕು ಸಮೀಕರಣಗಳು ಹೇಳುವುದು ಇಷ್ಟನ್ನೇ. ಕೊನೆಯ ಎರಡನ್ನು ಜೊತೆಗಿಟ್ಟು ನೋಡಿದರೆ, ಒಂದು ಇನ್ನೊಂದನ್ನು ಹುಟ್ಟಿಸುತ್ತಾ ಸಾಗುವ ಅಲೆಯೊಂದು ಹೊರಡುವುದು ಕಾಣುತ್ತದೆ. ನಿಮ್ಮ ಮೊಬೈಲ್ ಫೋನಿಗೆ ಮಗನ ಧ್ವನಿ ತಲುಪುವುದು ಆ ಅಲೆಯ ಮೇಲೆಯೇ.

"ಅರ್ಥವಾಗಲಿಲ್ಲ" ಎಂದ ಮಹನೀಯರು

ಈ ಸಿದ್ಧಾಂತದ ಇತಿಹಾಸವೇ ನಮ್ಮ ಪ್ರಶ್ನೆಗೆ ಉತ್ತರದಂತಿದೆ. 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್, ವಿದ್ಯುತ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡರು. 1831ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ, ಬದಲಾಗುವ ಕಾಂತಕ್ಷೇತ್ರದಿಂದ ವಿದ್ಯುತ್ ಹುಟ್ಟುವುದೆಂದು ತೋರಿಸಿದರು. ಇಂದು ನಮ್ಮ ಜಲವಿದ್ಯುತ್ ಕೇಂದ್ರಗಳ ಜನರೇಟರುಗಳು ತಿರುಗುವುದು ಅದೇ ನಿಯಮದ ಮೇಲೆ. ಫ್ಯಾರಡೆ ಕಮ್ಮಾರನ ಮಗ, ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ್ದ ಹುಡುಗ. ಹೆಚ್ಚಿನ ಗಣಿತ ಅವರಿಗೆ ಬರುತ್ತಿರಲಿಲ್ಲ. ಆದರೆ ಕಾಂತದ ಸುತ್ತ ಕಬ್ಬಿಣದ ಪುಡಿ ಚೆಲ್ಲಿ, ಆ ಗೆರೆಗಳನ್ನು ನೋಡುತ್ತಾ ನೋಡುತ್ತಾ, ಬಲವು ಖಾಲಿ ಜಾಗದಲ್ಲೇ ಹಬ್ಬಿಕೊಂಡಿದೆ ಎಂಬ ಕಲ್ಪನೆಗೆ ಅವರು ತಲುಪಿದ್ದರು.

ಸ್ಕಾಟ್ಲೆಂಡಿನ ಯುವಕ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಆ ಕಲ್ಪನೆಗೆ ಗಣಿತದ ಉಡುಪು ತೊಡಿಸಿ ಫ್ಯಾರಡೆಗೆ ಕಳುಹಿಸಿದರು. 1857ರಲ್ಲಿ ಫ್ಯಾರಡೆ ಅವರಿಗೆ ಬರೆದ ಪತ್ರಗಳು ಪ್ರಸಿದ್ಧವಾಗಿವೆ. ಅಷ್ಟು ಗಣಿತವನ್ನು ಕಂಡು ತನಗೆ ಮೊದಲು ಭಯವೇ ಆಯಿತೆಂದು ಅವರು ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ಗಣಿತಜ್ಞರು ತಾವು ಕಂಡುಕೊಂಡ ಫಲಿತಾಂಶವನ್ನು ನಮ್ಮಂತಹವರಿಗೂ ಅರ್ಥವಾಗುವ ಸಾಮಾನ್ಯ ಮಾತಿನಲ್ಲಿ ಅಷ್ಟೇ ಪೂರ್ಣವಾಗಿ ಹೇಳಲಾಗದೇ ಎಂದೂ ವಿನಂತಿಸಿದರು. ಆಗ ಫ್ಯಾರಡೆಗೆ 66 ವರ್ಷ, ಮ್ಯಾಕ್ಸ್‌ವೆಲ್‌ಗೆ 26. ಯೂರೋಪಿನಾದ್ಯಂತ ಹೆಸರಾದ ಹಿರಿಯರು, ಮೊಮ್ಮಗನ ವಯಸ್ಸಿನವನ ಮುಂದೆ, ತಾನೇ ಆರಂಭಿಸಿದ ವಿಷಯದಲ್ಲಿ, "ನನಗೆ ಇದು ತಿಳಿಯುತ್ತಿಲ್ಲ, ಬಿಡಿಸಿ ಹೇಳು" ಎನ್ನುತ್ತಿದ್ದಾರೆ! ಇದರಿಂದ ಅವರ ಘನತೆ ಕುಂದಿತೇ? ಖಂಡಿತ ಇಲ್ಲ.

ಮ್ಯಾಕ್ಸ್‌ವೆಲ್ ಅಲ್ಲಿಗೇ ನಿಲ್ಲಲಿಲ್ಲ. ತನ್ನ ಸಮೀಕರಣಗಳಿಂದ ಅಲೆಯ ವೇಗವನ್ನು ಲೆಕ್ಕಹಾಕಿದಾಗ ಅದು ಬೆಳಕಿನ ವೇಗಕ್ಕೆ ಹತ್ತಿರ ಬಂದುದನ್ನು ಕಂಡು, ಬೆಳಕೂ ವಿದ್ಯುತ್ಕಾಂತದ ಅಲೆಯೇ ಎಂಬ ತೀರ್ಮಾನಕ್ಕೆ ಬಂದರು. 1865ರ ಅವರ ಪ್ರಬಂಧದಲ್ಲಿ ಇಪ್ಪತ್ತು ಸಮೀಕರಣಗಳಿದ್ದವು. ಅವನ್ನು ಇಂದಿನ ನಾಲ್ಕರ ರೂಪಕ್ಕೆ ತಂದವರಲ್ಲಿ ಮುಖ್ಯರು ಆಲಿವರ್ ಹೆವಿಸೈಡ್. ಹದಿನಾರಕ್ಕೇ ಶಾಲೆ ಬಿಟ್ಟು, ತಂತಿ ಕಚೇರಿಯಲ್ಲಿ ದುಡಿದು, ಮನೆಯಲ್ಲೇ ಕುಳಿತು ಗಣಿತ ಕಲಿತವರು. 1887-88ರಲ್ಲಿ ಜರ್ಮನಿಯ ಹರ್ಟ್ಸ್ ಆ ಅಲೆಗಳನ್ನು ಪ್ರಯೋಗದಿಂದ ತೋರಿಸಿದಾಗ ಮ್ಯಾಕ್ಸ್‌ವೆಲ್ ತೀರಿಹೋಗಿ ಎಂಟು ವರ್ಷಗಳಾಗಿದ್ದವು. ಕೆಲವೇ ವರ್ಷಗಳಲ್ಲಿ, 1895ರಲ್ಲಿ, ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಅಂತಹ ಅಲೆಗಳ ಪ್ರಯೋಗವನ್ನು ಸಾರ್ವಜನಿಕರ ಮುಂದೆ ನಡೆಸಿದರು.

ಬೆಳಕಿನ ಮಾತು ಬಂದಾಗ ಬಸರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್‌ರನ್ನು ನೆನೆಯದಿರಲಾಗದು. ಸಾವಿರ ವರ್ಷಗಳ ಹಿಂದೆ, ವಸ್ತುಗಳಿಂದ ಬರುವ ಬೆಳಕು ಕಣ್ಣನ್ನು ಸೇರುವುದರಿಂದಲೇ ನಮಗೆ ನೋಟ ಸಾಧ್ಯವೆಂದು ಅವರು ಪ್ರಯೋಗಗಳಿಂದ ವಿವರಿಸಿದರು. ಅವರ ಇನ್ನೊಂದು ಗ್ರಂಥದ ವಿಷಯವೇ ಟಾಲೆಮಿಯ ಬಗೆಗಿನ ಸಂದೇಹಗಳು. ಎಂತಹ ದೊಡ್ಡ ಹೆಸರೇ ಆಗಲಿ, ಪರೀಕ್ಷಿಸದೆ ಒಪ್ಪಲು ಅವರು ಸಿದ್ಧರಿರಲಿಲ್ಲ. ಇಮಾಮ್ ಮಾಲಿಕ್(ರ) ತಮ್ಮ ಬಳಿ ತಂದ ಅನೇಕ ಪ್ರಶ್ನೆಗಳಿಗೆ "ನನಗೆ ತಿಳಿಯದು" ಎಂದೇ ಉತ್ತರಿಸುತ್ತಿದ್ದರೆಂಬುದೂ ನಿಮಗೆ ತಿಳಿದ ವಿಷಯ. ಧರ್ಮದ ವಿದ್ವಾಂಸರಾಗಲಿ ಭೌತಶಾಸ್ತ್ರದ ವಿದ್ವಾಂಸರಾಗಲಿ, ತಮ್ಮ ಅರಿವಿನ ಗಡಿ ಎಲ್ಲಿದೆ ಎಂಬುದನ್ನು ಮರೆಮಾಚಲಿಲ್ಲ.

ಹಾಗಾದರೆ ಬಾಯಿಪಾಠ ತಪ್ಪೇ?

ಅಲ್ಲ. ಕಂಠಪಾಠವನ್ನು ಹೀಗಳೆಯುವುದು ನಮಗೆ ಸಲ್ಲದು. ನಮ್ಮ ಮದ್ರಸಗಳಲ್ಲಿ ಪುಟ್ಟ ಮಕ್ಕಳು ಅರ್ಥ ತಿಳಿಯುವ ಮುನ್ನವೇ ಕಲಿತದ್ದು ಮುಂದೆ ಜೀವನವಿಡೀ ಅವರೊಂದಿಗಿರುತ್ತದೆ. ನೆನಪೆಂಬುದು ಒಂದು ಬಾಗಿಲು. ಮೊದಲು ಸೂತ್ರ ನಾಲಗೆಯ ಮೇಲೆ ಕುಳಿತು, ಅರ್ಥ ತಡವಾಗಿ ಮನಸ್ಸಿಗೆ ಇಳಿಯಬಹುದು. ಹೆವಿಸೈಡ್ ಸಹ ಮ್ಯಾಕ್ಸ್‌ವೆಲ್‌ರ ಗ್ರಂಥವನ್ನು ಮೊದಲ ಓದಿಗೇ ಅರ್ಥೈಸಿಕೊಂಡವರಲ್ಲ. ಅದಕ್ಕೆ ವರ್ಷಗಳನ್ನು ವ್ಯಯಿಸಿದವರು. ತಪ್ಪಿರುವುದು ಬಾಗಿಲನ್ನೇ ಮನೆಯೆಂದು ಭಾವಿಸುವುದರಲ್ಲಿ, ಮತ್ತು ಇತರರಿಗೂ ಹಾಗೆಯೇ ತೋರಿಸುವುದರಲ್ಲಿ.

ಇನ್ನೊಬ್ಬರ ಹಾಳೆಯಿಂದ ನಕಲು ಮಾಡಿದವನು ಕದಿಯುತ್ತಾನೆ. ಅದರಲ್ಲಿ ಚರ್ಚೆಗೆ ಅವಕಾಶವಿಲ್ಲ. ಲ್ಯಾಬಿನಲ್ಲಿ ಮೀಟರ್ ತೋರಿಸದ ರೀಡಿಂಗನ್ನು ಗ್ರಾಫ್ ಚೆನ್ನಾಗಿ ಬರಲೆಂದು ರೆಕಾರ್ಡಿನಲ್ಲಿ ಬರೆದವನು ಸುಳ್ಳು ಸಾಕ್ಷ್ಯ ನುಡಿಯುತ್ತಾನೆ. ಇದನ್ನು ನಮ್ಮ ಎಷ್ಟೋ ಒಳ್ಳೆಯ ಮಕ್ಕಳೂ ಪಾಪವೆಂದೇ ಎಣಿಸುವುದಿಲ್ಲ. ಆದರೆ ಕಂಠಪಾಠ ಮಾಡಿ ಬರೆದವನು ಈ ಇಬ್ಬರ ಸಾಲಿಗೆ ಸೇರುವುದಿಲ್ಲ. ಅವನು ಬರೆದ ಪ್ರತಿಯೊಂದು ಸಾಲೂ ಸತ್ಯ. "ಇದನ್ನು ನಾನು ಬಲ್ಲೆ" ಎಂಬ ಮೌನವಾದ ಹೇಳಿಕೆ ಮಾತ್ರ ಇನ್ನೂ ಸತ್ಯವಾಗಿಲ್ಲ. ಅದು ತೀರಿಸಬೇಕಾದ ಸಾಲವಿದ್ದಂತೆ. ಸಾಲ ಮಾಡುವುದು ಅಪರಾಧವಲ್ಲ, ಅದನ್ನು ತೀರಿಸುವ ಇರಾದೆಯೇ ಇಲ್ಲದಿರುವುದು ಅಪರಾಧ. ಪರೀಕ್ಷೆಯ ಮರುದಿನವೇ ಪುಸ್ತಕವನ್ನು ಹಳೆಯ ಪುಸ್ತಕದಂಗಡಿಗೆ ಮಾರಿದವನು ಆ ಸಾಲವನ್ನು ಮರೆತವನು.

ಸಾಲ ಯಾರಿಗೆ? ಪದವಿ ಪತ್ರವೆಂಬುದು ಒಂದು ಅಮಾನತ್. ಅದನ್ನು ನಂಬಿ ಯಾರೋ ಒಬ್ಬರು ಅವನ ಕೈಗೆ ಕೆಲಸ ಒಪ್ಪಿಸುತ್ತಾರೆ. ಮಸೀದಿಯ ಮಿನಾರಕ್ಕೆ ಸಿಡಿಲು ರಕ್ಷಕ ಹಾಕಿಸುವಾಗ, ಶಾಲೆಯ ಕಟ್ಟಡಕ್ಕೆ ಅರ್ಥಿಂಗ್ ಮಾಡಿಸುವಾಗ, ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ಕೂರಿಸುವಾಗ, ಅವನ ಸಹಿಯನ್ನು ನೋಡುತ್ತಾರೆಯೇ ಹೊರತು ಅವನಿಗೆ ನಿಜವಾಗಿ ಗೊತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಅವನಿಗೆ ಗೊತ್ತಿಲ್ಲವೆಂಬುದು ಬಯಲಾಗುವುದು ಒಂದು ಸಿಡಿಲಿನ ರಾತ್ರಿಯಲ್ಲಿ. ಅದರ ಬೆಲೆ ತೆರುವವರು ಬೇರೆಯವರು.

ಪೋಷಕರಿಗೊಂದು ಮಾತು

ಈಗ ನಿಮ್ಮ ಕಡೆಗೆ ತಿರುಗುತ್ತೇನೆ, ತಂದೆತಾಯಂದಿರೇ. ಮಗು ಕಾಲೇಜಿನಿಂದ ಫೋನ್ ಮಾಡಿದಾಗ ನಾವು ಏನು ಕೇಳುತ್ತೇವೆ? "ಇಂಟರ್ನಲ್ಸ್‌ನಲ್ಲಿ ಎಷ್ಟು ಬಂತು? ಯಾವುದೂ ಬ್ಯಾಕ್ ಇಲ್ಲವಷ್ಟೆ?" ನಮ್ಮ ಆತಂಕಕ್ಕೂ ಕಾರಣವಿದೆ. ಗಲ್ಫ್‌ನ ಬಿಸಿಲಿನಲ್ಲಿ ದುಡಿದ ಹಣ, ಮಾರಿದ ಚಿನ್ನ, ಕುಟುಂಬದ ಮೊದಲ ಇಂಜಿನಿಯರ್ ಆಗಲಿರುವ ಮಗು. ಆದರೆ ಈ ಆತಂಕವೇ ಮಗುವಿನ ಬಾಯನ್ನು ಕಟ್ಟುತ್ತದೆ. "ಅರ್ಥವಾಗುತ್ತಿಲ್ಲ" ಎಂದು ಹೇಳಲು ತರಗತಿಯಲ್ಲಿ ಅವಮಾನ, ಮನೆಯಲ್ಲಿ ಭಯ. ಎರಡೂ ಕಡೆ ಬಾಗಿಲು ಮುಚ್ಚಿದ ಮೇಲೆ ಉಳಿಯುವುದು ಪಾಸಿಂಗ್ ಪ್ಯಾಕೇಜ್ ಒಂದೇ. ಆದ್ದರಿಂದ ಅಂಕ ಕೇಳುವುದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ರೂಢಿಸಿಕೊಳ್ಳಿ: "ಈ ವಾರ ಕಲಿತದ್ದರಲ್ಲಿ ಒಂದನ್ನು ನನಗೆ ತಿಳಿಯುವಂತೆ ಹೇಳು ಮಗಾ." ನಿಮಗೆ ಅದು ಅರ್ಥವಾಗದಿರಬಹುದು. ಹೇಳಲು ಹೊರಟ ಮಗುವಿಗೆ ಮಾತ್ರ ತನಗೆಷ್ಟು ಗೊತ್ತಿದೆ ಎಂಬುದು ಗೊತ್ತಾಗುತ್ತದೆ.

ವಿದ್ಯಾರ್ಥಿಗಳೇ, ನಿಮಗೆ ನಾನು ದೊಡ್ಡ ಉಪದೇಶ ಮಾಡಲಾರೆ. ಆ ಅರ್ಹತೆ ನನಗಿಲ್ಲವೆಂದು ಮೊದಲೇ ಹೇಳಿದ್ದೇನೆ. ನಾಳೆ ಪರೀಕ್ಷೆಯಿದ್ದರೆ ಇಂದು ಬಾಯಿಪಾಠ ಮಾಡಿ, ಬರೆಯಿರಿ, ಉತ್ತೀರ್ಣರಾಗಿ. ಆದರೆ ಯಾವುದು ತಿಳಿದು ಬರೆದದ್ದು, ಯಾವುದು ತಿಳಿಯದೆ ಬರೆದದ್ದು ಎಂದು ಪುಸ್ತಕದ ಕೊನೆಯ ಪುಟದಲ್ಲಿ ಗುರುತು ಹಾಕಿಕೊಳ್ಳಿ. ಆ ಪಟ್ಟಿಯನ್ನು ನೋಡುವವರು ನೀವು ಮತ್ತು ನಿಮ್ಮ ಮನಸ್ಸನ್ನು ಬಲ್ಲ ಅಲ್ಲಾಹನು ಮಾತ್ರ. ರಜೆ ಬಂದಾಗ ಅದರಿಂದ ಒಂದೊಂದನ್ನೇ ಎತ್ತಿಕೊಂಡು, ಅದು ನಿಮ್ಮ ಅಂಗಳದಲ್ಲಿ ಎಲ್ಲಿದೆಯೆಂದು ಹುಡುಕಿ. ತಿಳಿಯದಿದ್ದರೆ ಕೇಳಿ, ಕಿರಿಯರನ್ನಾದರೂ ಸರಿ, ಲೈನ್‌ಮ್ಯಾನನ್ನಾದರೂ ಸರಿ.

ನನ್ನ ಅಕ್ಕನ ಮಗ ಆ ರಜೆಯಲ್ಲಿ ಹಾಗೆಯೇ ಮಾಡಿದ. ಅವನ ಪಟ್ಟಿಯಲ್ಲಿ ಹದಿನೇಳು ವಿಷಯಗಳಿದ್ದವು. ರಜೆ ಮುಗಿದಾಗ ಹನ್ನೊಂದು ಉಳಿದಿದ್ದವು. ಅವನನ್ನು ಬಸ್ಸಿಗೆ ಹತ್ತಿಸಿ ಮನೆಗೆ ಬಂದು, ಇಪ್ಪತ್ತೈದು ವರ್ಷಗಳಿಂದ ಕಪಾಟಿನ ಮೇಲಿದ್ದ ನನ್ನ ಪುಸ್ತಕವನ್ನು ಕೆಳಗಿಳಿಸಿದೆ. ಧೂಳು ಕೊಡವಿ, ಕೊನೆಯ ಪುಟ ತೆರೆದು, ನನ್ನ ಪಟ್ಟಿಯನ್ನೂ ಬರೆಯತೊಡಗಿದೆ. ಅದು ಅವನದಕ್ಕಿಂತ ಉದ್ದವಾಯಿತು.